ಬಳಸದ ಫಂಕ್ಷನ್ ಪ್ಯಾರಾಮೀಟರ್: ಎಲ್ಲ ಕಂಪೈಲರ್‌ಗಳಲ್ಲೂ ವಾರ್ನಿಂಗ್ ಬರದ ಹಾಗೆ ಸಿ ಕೋಡ್ ಬರೆಯುವುದು ಹೇಗೆ?

ರಿಜಿಸ್ಟರ್32 (ಪ್ರಶ್ನೆ)

ಸೆನ್ಸರ್‌ಗಳಿಗೆ ಒಂದು ಚಿಕ್ಕ ಡ್ರೈವರ್ ಲೈಬ್ರರಿ ಇದೆ, ಪೂರ್ತಿ ಸಿ99 (ಸಿ ಭಾಷೆಯ 1999ರ ಸ್ಟ್ಯಾಂಡರ್ಡ್). ಬೇರೆ ಬೇರೆ ಸೆನ್ಸರ್‌ಗೆ ಒಂದೇ ಕಾಲ್‌ಬ್ಯಾಕ್ (ಲೈಬ್ರರಿ ತಾನೇ ಕರೆಯಲೆಂದು ಕೊಡುವ ಫಂಕ್ಷನ್) ಟೈಪ್. ಹಾಗಾಗಿ ಕೆಲವು ಫಂಕ್ಷನ್‌ಗಳಲ್ಲಿ ಮೂರು ಪ್ಯಾರಾಮೀಟರ್ ಬಂದರೂ ಬಳಕೆಯಾಗುವುದು ಒಂದೇ. (ಕೋಡನ್ನೂ ಕನ್ನಡ ಲಿಪಿಯಲ್ಲೇ ಹಾಕಿದ್ದೇನೆ, ಕೀವರ್ಡ್‌ಗಳನ್ನು ಉಚ್ಚಾರದ ಪ್ರಕಾರ ಓದಿಕೊಳ್ಳಿ.)

    ಸ್ಟ್ಯಾಟಿಕ್ ಇಂಟ್ ಆನ್_ರೀಡ್(ಸ್ಟ್ರಕ್ಟ್ ಡೆವ್ *ಡಿ, ಇಂಟ್ ಫ್ಲ್ಯಾಗ್ಸ್, ವಾಯ್ಡ್ *ಯೂಸರ್)
    {
        ರಿಟರ್ನ್ ಡಿ->ಫಿಫೋ_ಲೆನ್;
    }

ಜಿಸಿಸಿ ಮತ್ತು ಕ್ಲ್ಯಾಂಗ್‌ನಲ್ಲಿ -ಡಬ್ಲ್ಯೂಆಲ್ -ಡಬ್ಲ್ಯೂಎಕ್ಸ್‌ಟ್ರಾ -ಡಬ್ಲ್ಯೂಎರರ್, ಮೈಕ್ರೋಸಾಫ್ಟ್‌ನ ಎಂಎಸ್‌ವಿಸಿಯಲ್ಲಿ /ಡಬ್ಲ್ಯೂ4 /ಡಬ್ಲ್ಯೂಎಕ್ಸ್ ಹಾಕಿ ಬಿಲ್ಡ್ ಮಾಡಬೇಕೆಂಬುದು ನಿಯಮ, ಅಂದರೆ ಹೆಚ್ಚಿನ ವಾರ್ನಿಂಗ್‌ಗಳೆಲ್ಲ ಆನ್, ಒಂದು ಬಂದರೂ ಅದು ಎರರ್. ಮೊದಲೆರಡು ‘ಅನ್‌ಯೂಸ್ಡ್ ಪ್ಯಾರಾಮೀಟರ್’ ಅನ್ನುತ್ತವೆ, ಎಂಎಸ್‌ವಿಸಿ ಸಿ4100 ಕೊಡುತ್ತದೆ. ಇವಲ್ಲದೆ ಆರ್ಮ್ ಪ್ರೊಸೆಸರ್‌ಗೆ ಹಳೆಯದೊಂದು ಕ್ರಾಸ್ ಕಂಪೈಲರ್ ಕೂಡ ಇದೆ, ಅದಕ್ಕೆ ಜಿಸಿಸಿಯ ಆಟ್ರಿಬ್ಯೂಟ್‌ಗಳ ಗಂಧಗಾಳಿಯೂ ಇಲ್ಲ.

ನೆಟ್‌ನಲ್ಲಿ ಹುಡುಕಿದರೆ ಐದಾರು ಉಪಾಯ ಸಿಗುತ್ತವೆ: ವಾಯ್ಡ್‌ಗೆ ಕ್ಯಾಸ್ಟ್ ಮಾಡುವುದು, ‘ಎ = ಎ;’ ಎಂದು ಬರೆಯುವುದು, ಸೈಜ್‌ಆಫ್, ಜಿಸಿಸಿ ಆಟ್ರಿಬ್ಯೂಟ್, ಮ್ಯಾಕ್ರೋ ಇತ್ಯಾದಿ. ಯಾವುದು ಎಲ್ಲ ಕಡೆ ನಡೆಯುತ್ತದೆ? ಮೆಷಿನ್ ಕೋಡ್ ಏನಾದರೂ ಹೆಚ್ಚಾಗುತ್ತದೆಯೇ?

ಹಳೆಮನೆ_ಮೇಕ್‌ಫೈಲ್

ವಾರ್ನಿಂಗ್ ಅಡಗಿಸುವುದಕ್ಕೆ ಮುಂಚೆ ನೋಡಬೇಕಾದದ್ದು ಒಂದಿದೆ. ಆ ಪ್ಯಾರಾಮೀಟರ್ ಅಲ್ಲಿರಲೇಬೇಕು ಎಂದು ಹೊರಗಿನವರು ಯಾರಾದರೂ ಹೇಳುತ್ತಿದ್ದಾರೆಯೇ? ಕಾಲ್‌ಬ್ಯಾಕ್, ಸಿಗ್ನಲ್ ಹ್ಯಾಂಡ್ಲರ್, ಪಿಥ್ರೆಡ್‌ಗೆ ಕೊಡುವ ಫಂಕ್ಷನ್, ಫ್ರೀಆರ್‌ಟಿಓಎಸ್ ಟಾಸ್ಕ್, ಫಂಕ್ಷನ್ ಪಾಯಿಂಟರ್ ತುಂಬಿದ ಟೇಬಲ್, ಇಲ್ಲೆಲ್ಲ ಸಿಗ್ನೇಚರ್ ನಿಮ್ಮ ಕೈಯಲ್ಲಿಲ್ಲ, ಅಡಗಿಸಿ. ನಿಮ್ಮದೇ ಫೈಲಿನೊಳಗಿನ ಸ್ಟ್ಯಾಟಿಕ್ ಫಂಕ್ಷನ್ ಆಗಿದ್ದು ನೇರವಾಗಿ ಕರೆಯುವಂಥದ್ದಾದರೆ ಪ್ಯಾರಾಮೀಟರನ್ನೇ ಕಿತ್ತುಹಾಕಿ. ‘ಇಂಟ್ ಮೈನ್’ನಲ್ಲಿ ಆರ್ಗ್‌ಸಿ, ಆರ್ಗ್‌ವಿ ಬೇಡವೆಂದರೆ ‘ಇಂಟ್ ಮೈನ್(ವಾಯ್ಡ್)’ ಎಂದರೆ ಮುಗಿಯಿತು.

ಈ ವಾರ್ನಿಂಗ್ ನಿಜವಾದ ತಪ್ಪನ್ನೂ ಹಿಡಿಯುತ್ತದೆ:

    ವಾಯ್ಡ್ ಸೆಟ್_ರೀಟ್ರೈ(ಸ್ಟ್ರಕ್ಟ್ ಡೆವ್ *ಡಿ, ಇಂಟ್ ಎಂಎಸ್, ಇಂಟ್ ಸಲ)
    {
        ಡಿ->ಟೈಮ್‌ಔಟ್ = ಎಂಎಸ್;
        ಡಿ->ರೀಟ್ರೈ = ಎಂಎಸ್;
    }

ಎರಡನೇ ಸಾಲಿನಲ್ಲಿ ‘ಸಲ’ ಬರಬೇಕಿತ್ತು. ಎರಡೂ ಇಂಟ್ ಆದ್ದರಿಂದ ಟೈಪ್ ಚೆಕ್‌ನಲ್ಲಿ ಇದು ಸಿಕ್ಕಿಬೀಳುವುದಿಲ್ಲ, ‘ಸಲ ಬಳಕೆಯಾಗಿಲ್ಲ’ ಎಂಬ ವಾರ್ನಿಂಗ್ ಮಾತ್ರ ತೋರಿಸಿಕೊಡುತ್ತದೆ. ಒಳಗಿನ ಬ್ಲಾಕ್‌ನಲ್ಲಿ ಅದೇ ಹೆಸರಿನ ಲೋಕಲ್ ವೇರಿಯಬಲ್ ಇಟ್ಟು ಪ್ಯಾರಾಮೀಟರನ್ನು ಮುಚ್ಚಿಬಿಟ್ಟಾಗಲೂ ಸುಳಿವು ಸಿಗುವುದು ಹೆಚ್ಚಾಗಿ ಇಲ್ಲಿಂದಲೇ. ಹಾಗಾಗಿ ಇಡೀ ಪ್ರಾಜೆಕ್ಟ್‌ಗೆ -ಡಬ್ಲ್ಯೂನೋ-ಅನ್‌ಯೂಸ್ಡ್-ಪ್ಯಾರಾಮೀಟರ್ ಹಾಕಿ ಕೂರುವುದು ನನಗೆ ಸರಿಕಾಣದು. ಅಂದಹಾಗೆ -ಡಬ್ಲ್ಯೂಆಲ್ ಒಂದರಿಂದಲೇ ಇದು ಬರುವುದಿಲ್ಲ, -ಡಬ್ಲ್ಯೂಎಕ್ಸ್‌ಟ್ರಾ ಜೊತೆಗಿರಬೇಕು. ‘ನಮ್ಮ ಕೋಡ್‌ನಲ್ಲಿ ಒಂದೂ ಇಲ್ಲ’ ಎನ್ನುವ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಅದನ್ನು ಆನ್ ಮಾಡಿಯೇ ಇರುವುದಿಲ್ಲ.

ಈಗ ಉತ್ತರ. ನೀವು ಹೇಳಿದ ನಾಲ್ಕೂ ಕಂಪೈಲರ್‌ಗೆ ಹೊಂದುವುದು ಇದು:

    (ವಾಯ್ಡ್)ಫ್ಲ್ಯಾಗ್ಸ್;
    (ವಾಯ್ಡ್)ಯೂಸರ್;

ಇದು ಸಿ89 ಕಾಲದಿಂದ ಸ್ಟ್ಯಾಂಡರ್ಡ್ ಸಿ, ಯಾವ ಎಕ್ಸ್‌ಟೆನ್ಷನ್ನೂ ಬೇಡ. ಜಿಸಿಸಿ, ಕ್ಲ್ಯಾಂಗ್, ಎಂಎಸ್‌ವಿಸಿ ಮೂರೂ ಇದನ್ನು ‘ಬಳಕೆ’ ಎಂದೇ ಎಣಿಸುತ್ತವೆ. ಮೆಷಿನ್ ಕೋಡ್‌ನ ಚಿಂತೆ ಬೇಡ. ಆಪ್ಟಿಮೈಸ್ ಮಾಡಿದಾಗ ಒಂದು ಇನ್‌ಸ್ಟ್ರಕ್ಷನ್ನೂ ಹೆಚ್ಚಾಗದು. ಆಪ್ಟಿಮೈಸ್ ಮಾಡದ -ಓ0ಯಲ್ಲಿ ಜಿಸಿಸಿ ಪ್ಯಾರಾಮೀಟರ್‌ಗಳನ್ನು ಬಳಸಿದರೂ ಬಿಟ್ಟರೂ ಸ್ಟ್ಯಾಕ್‌ಗೆ ಬರೆದಿಡುತ್ತದೆ, ಆ ಸ್ಟೋರ್ ಕಂಡು ಈ ಸಾಲನ್ನು ದೂರಬೇಡಿ.

ಮಿಕ್ಕ ಉಪಾಯಗಳು ಏಕೆ ಬೇಡ:

‘ಎ = ಎ;’: ಪ್ಯಾರಾಮೀಟರ್ ಕಾನ್ಸ್ಟ್ ಆಗಿದ್ದರೆ ಕಂಪೈಲ್ ಆಗುವುದೇ ಇಲ್ಲ. ಇಲ್ಲದಿದ್ದರೆ ಕ್ಲ್ಯಾಂಗ್ ‘ತನಗೆ ತಾನೇ ಅಸೈನ್’ ಎಂಬ ಹೊಸ ವಾರ್ನಿಂಗ್ ಕೊಡುತ್ತದೆ.

ಬರೀ ‘ಎ;’: -ಡಬ್ಲ್ಯೂಆಲ್‌ನಲ್ಲಿ ‘ಈ ಸ್ಟೇಟ್‌ಮೆಂಟ್‌ನಿಂದ ಪರಿಣಾಮವಿಲ್ಲ’ ಎಂದು ಬರುತ್ತದೆ.

‘(ವಾಯ್ಡ್)(ಎ, ಬಿ);’: ಒಂದೇ ಸಾಲಿನಲ್ಲಿ ಮುಗಿಸುವ ಆಸೆ. ಆದರೆ ಕ್ಯಾಸ್ಟ್ ತಾಗುವುದು ಕಾಮಾದ ಬಲಗಡೆಯ ಬೆಲೆಗೆ ಮಾತ್ರ. ಎಡಗಡೆಯದ್ದು ಸುಮ್ಮನೆ ವ್ಯರ್ಥವಾಗುತ್ತಿದೆ ಎಂದು ಜಿಸಿಸಿ ಹೇಳಿಯೇ ಹೇಳುತ್ತದೆ. ಎರಡು ಸಾಲು ಬರೆಯಿರಿ.

‘(ವಾಯ್ಡ್)ಸೈಜ್‌ಆಫ್(ಎ);’: ನಡೆಯುತ್ತದೆ, ಎ ಅನ್ನು ಇವ್ಯಾಲ್ಯುಯೇಟ್ ಮಾಡುವುದಿಲ್ಲ ಎಂಬ ಅನುಕೂಲವೂ ಇದೆ. ಆದರೆ ಪ್ಯಾರಾಮೀಟರನ್ನು ‘ಚಾರ್ ಬಫ್[16]’ ಎಂದು ಬರೆದಿದ್ದರೆ ಅದು ಒಳಗೆ ಪಾಯಿಂಟರ್ ಅಷ್ಟೇ. ಅದರ ಮೇಲೆ ಸೈಜ್‌ಆಫ್ ಹಾಕಿದರೆ ಜಿಸಿಸಿ, ಕ್ಲ್ಯಾಂಗ್ ಎರಡೂ ಫ್ಲ್ಯಾಗ್ ಕೊಡದಿದ್ದರೂ ವಾರ್ನಿಂಗ್ ಕೊಡುತ್ತವೆ. ಒಂದನ್ನು ಓಡಿಸಲು ಹೋಗಿ ಇನ್ನೊಂದನ್ನು ಕರೆತಂದ ಹಾಗೆ.

ಸಾಲು ಎಲ್ಲಿರಬೇಕು ಎಂಬುದೂ ಮುಖ್ಯ. ‘(ವಾಯ್ಡ್)ಎ;’ ಡಿಕ್ಲರೇಷನ್ ಅಲ್ಲ, ಸ್ಟೇಟ್‌ಮೆಂಟ್. ಸಿ89ರಲ್ಲಿ ಬ್ಲಾಕ್‌ನ ಎಲ್ಲ ಡಿಕ್ಲರೇಷನ್ ಮುಗಿದ ಮೇಲೆಯೇ ಬರಬೇಕು. ವಿಷುಯಲ್ ಸ್ಟುಡಿಯೋ 2013ಕ್ಕಿಂತ ಹಿಂದಿನ ಎಂಎಸ್‌ವಿಸಿ ಸಿ ಫೈಲ್‌ನಲ್ಲಿ ಇದನ್ನು ನೇರ ಎರರ್ ಮಾಡುತ್ತಿತ್ತು. ಸಿ99ರಲ್ಲಿ ತೊಂದರೆಯಿಲ್ಲ, -ಡಬ್ಲ್ಯೂಡಿಕ್ಲರೇಷನ್-ಆಫ್ಟರ್-ಸ್ಟೇಟ್‌ಮೆಂಟ್ ಆನ್ ಇದ್ದರೆ ಮಾತ್ರ ಕಿರಿಕಿರಿ. ಡಿಕ್ಲರೇಷನ್‌ಗಳ ಕೆಳಗೆ, ಮೊದಲ ಸ್ಟೇಟ್‌ಮೆಂಟಾಗಿ ಇಟ್ಟರೆ ಎಲ್ಲ ಕಡೆ ಕ್ಷೇಮ.

ಸೆಮಿಕೋಲನ್

ಮೇಲಿನದ್ದಕ್ಕೆ ಮ್ಯಾಕ್ರೋ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. ವಾಯ್ಡ್ ಕ್ಯಾಸ್ಟ್ ಕಂಡು ‘ಇದೇಕೆ ಇಲ್ಲಿ?’ ಎಂದು ಕೇಳುವವರು ಇದ್ದೇ ಇರುತ್ತಾರೆ, ಹಾಗಾಗಿ ಹೆಸರಿರುವ ಮ್ಯಾಕ್ರೋ ಒಳ್ಳೆಯದೇ. ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಕೋಡ್‌ನಲ್ಲಿ ಅನ್‌ಯೂಸ್ಡ್_ಪ್ಯಾರಾಮೀಟರ್ ಎಂಬ ಮ್ಯಾಕ್ರೋ ಇರುವುದು ಇದಕ್ಕೇ, ಒಳಗಿರುವುದು ಅದೇ ವಾಯ್ಡ್ ಕ್ಯಾಸ್ಟ್.

    #ಡಿಫೈನ್ ಸೆನ್_ಅನ್‌ಯೂಸ್ಡ್(ಎ) ((ವಾಯ್ಡ್)(ಎ))

ಎ ಸುತ್ತ ಆವರಣ ಬಿಡಬೇಡಿ. ಮುಂದೆ ಲೈಬ್ರರಿಯ ಹೆಸರಿನ ಪ್ರಿಫಿಕ್ಸ್ ಕೂಡ ಇರಲಿ. ಬರೀ ಅನ್‌ಯೂಸ್ಡ್ ಎಂಬ ಹೆಸರಿಗೆ ಎಲ್ಲರೂ ಮುಗಿಬೀಳುತ್ತಾರೆ. ಎಸ್‌ಟಿಎಂ32 ಚಿಪ್‌ಗಳ ಹಾಲ್ ಲೈಬ್ರರಿಯ ಹೆಡರ್‌ಗಳಲ್ಲೂ ಅದೇ ಹೆಸರಿನದ್ದೊಂದಿದೆ, ಅದರಲ್ಲಿ ಎಕ್ಸ್ ಸುತ್ತ ಆವರಣವೂ ಇಲ್ಲ. ನೀವೂ ಅದೇ ಹೆಸರಲ್ಲಿ ಬೇರೆ ಥರ ಡಿಫೈನ್ ಮಾಡಿದರೆ ಮ್ಯಾಕ್ರೋ ರೀಡಿಫೈನ್ ಆಯಿತೆಂದು ಕಂಪೈಲರ್ ದೂರುತ್ತದೆ, -ಡಬ್ಲ್ಯೂಎರರ್ ಇದ್ದರೆ ಬಿಲ್ಡ್ ಅಲ್ಲಿಗೇ ನಿಂತಿತು.

ಮ್ಯಾಕ್ರೋಗೆ ಕೊಡುವುದು ಪ್ಯಾರಾಮೀಟರ್‌ನ ಹೆಸರು ಮಾತ್ರ ಆಗಿರಲಿ, ಎಕ್ಸ್‌ಪ್ರೆಷನ್ ಬೇಡ. ‘ಸೆನ್_ಅನ್‌ಯೂಸ್ಡ್(*ಸ್ಟೇಟಸ್)’ ಎಂದು ಬರೆದು ಸ್ಟೇಟಸ್ ಎಂಬುದು ವೊಲಟೈಲ್ ರಿಜಿಸ್ಟರ್‌ನ ಪಾಯಿಂಟರ್ ಆಗಿದ್ದರೆ, ಕಂಪೈಲರ್ ಆ ರಿಜಿಸ್ಟರನ್ನು ನಿಜವಾಗಿಯೂ ಓದುತ್ತದೆ. ಓದಿದೊಡನೆ ಕ್ಲಿಯರ್ ಆಗುವ ಇಂಟರಪ್ಟ್ ಬಿಟ್ ಅಲ್ಲಿದ್ದರೆ ಒಂದು ಇಂಟರಪ್ಟ್ ಕಳೆದುಹೋಯಿತು ಎಂದೇ ಲೆಕ್ಕ. ಬೇಕೆಂದೇ ಡಮ್ಮಿ ರೀಡ್ ಮಾಡುವವರೂ ಇದೇ ರೂಪ ಬಳಸುತ್ತಾರೆ, ಆದರೆ ಅಲ್ಲಿ ಉದ್ದೇಶವೇ ಬೇರೆ.

ಈ ವಿಧಾನದಲ್ಲಿ ನನಗೆ ಇಷ್ಟವಾಗದ್ದು ಒಂದಿದೆ. ಆರು ತಿಂಗಳ ನಂತರ ಯಾರೋ ಫ್ಲ್ಯಾಗ್ಸ್ ಅನ್ನು ಬಳಸತೊಡಗುತ್ತಾರೆ, ‘(ವಾಯ್ಡ್)ಫ್ಲ್ಯಾಗ್ಸ್;’ ಮಾತ್ರ ಮೇಲೆ ಹಾಗೇ ಕೂತಿರುತ್ತದೆ. ಓದುವವರಿಗೆ ಅದು ಸುಳ್ಳು ಹೇಳುತ್ತಿದೆ, ಕಂಪೈಲರ್‌ಗೆ ಏನೂ ಅನ್ನಿಸುವುದಿಲ್ಲ. ಜಿಸಿಸಿಯ ಅನ್‌ಯೂಸ್ಡ್ ಆಟ್ರಿಬ್ಯೂಟ್ ಕೂಡ ಅಷ್ಟೇ. ಅದರ ಅರ್ಥ ‘ಬಳಸದೆ ಇರಬಹುದು’ ಎಂದು, ಬಳಸಿದರೂ ತಕರಾರಿಲ್ಲ.

ಇದಕ್ಕೆ ಸಿಪೈಥಾನ್‌ನವರ (ಪೈಥಾನನ್ನು ಸಿಯಲ್ಲಿ ಬರೆದವರು) ಪೈ_ಅನ್‌ಯೂಸ್ಡ್ ಮಾದರಿ ಚೆನ್ನಾಗಿದೆ. ಅಲ್ಲಿ ಹೆಸರನ್ನೇ ಬದಲಿಸಿಬಿಡುತ್ತಾರೆ:

    #ಡಿಫೈನ್ ಸೆನ್_ಬೇಡ(ಹೆಸರು) ಬೇಡ_##ಹೆಸರು __ಆಟ್ರಿಬ್ಯೂಟ್__((ಅನ್‌ಯೂಸ್ಡ್))

    ಸ್ಟ್ಯಾಟಿಕ್ ಇಂಟ್ ಆನ್_ರೀಡ್(ಸ್ಟ್ರಕ್ಟ್ ಡೆವ್ *ಡಿ, ಇಂಟ್ ಸೆನ್_ಬೇಡ(ಫ್ಲ್ಯಾಗ್ಸ್), ವಾಯ್ಡ್ *ಸೆನ್_ಬೇಡ(ಯೂಸರ್))

ಈಗ ಒಳಗೆ ಫ್ಲ್ಯಾಗ್ಸ್ ಎಂದು ಬರೆದರೆ ‘ಅಂಥ ಹೆಸರೇ ಇಲ್ಲ’ ಎಂಬ ಎರರ್. ಬಳಸಬೇಕೆಂದರೆ ಮ್ಯಾಕ್ರೋವನ್ನು ತೆಗೆಯಲೇಬೇಕು.

ಮಿತಿಗಳೂ ಇವೆ. ‘ಚಾರ್ *ಸೆನ್_ಬೇಡ(ಆರ್ಗ್‌ವಿ)[]’ ಎಂದರೆ ಆಟ್ರಿಬ್ಯೂಟ್ ಹೆಸರಿಗೂ ಚೌಕ ಆವರಣಕ್ಕೂ ನಡುವೆ ಬಂದು ಸಿಂಟ್ಯಾಕ್ಸ್ ಎರರ್. ಅಲ್ಲಿ ‘ಚಾರ್ **ಸೆನ್_ಬೇಡ(ಆರ್ಗ್‌ವಿ)’ ಎಂದು ಬರೆಯಿರಿ. ಫಂಕ್ಷನ್ ಪಾಯಿಂಟರ್ ಪ್ಯಾರಾಮೀಟರ್‌ಗೆ ಟೈಪ್‌ಡೆಫ್ ಮಾಡಿಕೊಳ್ಳುವುದು ಲೇಸು. ಡೀಬಗರ್‌ನಲ್ಲಿ ಹೆಸರು ಬೇಡ_ಫ್ಲ್ಯಾಗ್ಸ್ ಎಂದು ಕಾಣುತ್ತದೆ. ಇನ್ನು ಎಂಎಸ್‌ವಿಸಿಗೂ ನಿಮ್ಮ ಹಳೆಯ ಆರ್ಮ್ ಕಂಪೈಲರ್‌ಗೂ ಆಟ್ರಿಬ್ಯೂಟ್ ಭಾಗವನ್ನು ಖಾಲಿ ಬಿಡಬೇಕಾಗುತ್ತದೆ. ಹೆಸರು ಬದಲಾದ ಮಾತ್ರಕ್ಕೆ ಸಿ4100 ಹೋಗುವುದಿಲ್ಲ, ಅಲ್ಲಿ /ಡಬ್ಲ್ಯೂಡಿ4100 ಹಾಕಿ ಆಫ್ ಮಾಡಿ. ಜಿಸಿಸಿ ಬಿಲ್ಡ್ ಹೇಗೂ ಅದೇ ತಪ್ಪನ್ನು ಹಿಡಿಯುವುದರಿಂದ ನಷ್ಟವೇನಿಲ್ಲ ಎಂಬುದು ನನ್ನ ಅಭಿಪ್ರಾಯ.

ರಿಜಿಸ್ಟರ್32

ಇಬ್ಬರಿಗೂ ಧನ್ಯವಾದ. ಇನ್ನೆರಡು ಸಂದೇಹ.

1. ಕೆಲವು ಪ್ಯಾರಾಮೀಟರ್‌ಗಳು ‘ಅಸರ್ಟ್(ಲೆನ್ <= ಮ್ಯಾಕ್ಸ್_ಲೆನ್)’ ಒಳಗೆ ಮಾತ್ರ ಬಳಕೆಯಾಗುತ್ತವೆ. ಡೀಬಗ್ ಬಿಲ್ಡ್‌ನಲ್ಲಿ ಸದ್ದಿಲ್ಲ, ರಿಲೀಸ್‌ನಲ್ಲಿ ಅಸರ್ಟ್‌ಗಳನ್ನು ತೆಗೆದುಬಿಡುವ ಎನ್‌ಡೀಬಗ್ ಬಂದೊಡನೆ ವಾರ್ನಿಂಗ್. ಇವಕ್ಕೆ ಹೆಸರು ಬದಲಿಸುವ ಮ್ಯಾಕ್ರೋ ಆಗುವುದಿಲ್ಲವಲ್ಲ?

2. ಸಿ++ನಲ್ಲಿ ಹೆಸರನ್ನೇ ಬಿಟ್ಟು ‘ಇಂಟ್ /* ಫ್ಲ್ಯಾಗ್ಸ್ */’ ಎಂದು ಬರೆಯುತ್ತಾರೆ. ಸಿ23ರಲ್ಲಿ ಇದಕ್ಕೂ ಅವಕಾಶ ಇದೆ ಎಂದು ಕೇಳಿದೆ. ಈಗಲೇ ಬಳಸಬಹುದೇ?

ವಿಂಡೋಸ್_ಬಿಲ್ಡ್

ಮೊದಲನೆಯದಕ್ಕೆ: ಆಗುವುದಿಲ್ಲ, ಡೀಬಗ್ ಬಿಲ್ಡ್ ಒಡೆಯುತ್ತದೆ. ಅಸರ್ಟ್‌ನ ಕೆಳಗಿನ ಸಾಲಿನಲ್ಲೇ ‘(ವಾಯ್ಡ್)ಲೆನ್;’ ಬರೆಯಿರಿ, ನಾಲ್ಕೂ ಕಂಪೈಲರ್‌ನಲ್ಲಿ ನಡೆಯುತ್ತದೆ. #ಇಫ್‌ಡೆಫ್ ಒಳಗೆ ಮಾತ್ರ ಬಳಕೆಯಾಗುವುದಕ್ಕೂ ಇದೇ ಮದ್ದು. #ಎಲ್ಸ್ ಭಾಗದಲ್ಲಿ ಹಾಕಿದರೆ ಓದುವವರಿಗೂ ಸ್ಪಷ್ಟ.

ಹೊಸ ಕಂಪೈಲರ್‌ಗಳಿಗೆ ಮಾತ್ರ ಬರೆಯುವುದಾದರೆ ಇಂಥ ‘ಒಮ್ಮೊಮ್ಮೆ ಬಳಕೆ’ಗೆ ಸಿ23ರ ಮೇಬಿ_ಅನ್‌ಯೂಸ್ಡ್ ಸರಿಯಾದ ಜಾಗ. ಮ್ಯಾಕ್ರೋ ಹೀಗೆ:

    #ಇಫ್ ಡಿಫೈನ್ಡ್(__ಎಸ್‌ಟಿಡಿಸಿ_ವರ್ಷನ್__) && __ಎಸ್‌ಟಿಡಿಸಿ_ವರ್ಷನ್__ > 201710ಎಲ್
    #  ಡಿಫೈನ್ ಸೆನ್_ಇರಬಹುದು [[ಮೇಬಿ_ಅನ್‌ಯೂಸ್ಡ್]]
    #ಎಲಿಫ್ ಡಿಫೈನ್ಡ್(__ಗ್ನುಸಿ__)
    #  ಡಿಫೈನ್ ಸೆನ್_ಇರಬಹುದು __ಆಟ್ರಿಬ್ಯೂಟ್__((ಅನ್‌ಯೂಸ್ಡ್))
    #ಎಲ್ಸ್
    #  ಡಿಫೈನ್ ಸೆನ್_ಇರಬಹುದು
    #ಎಂಡಿಫ್

201710 ಎಂಬುದು ಸಿ17ರ ಸಂಖ್ಯೆ, ಸಿ23ರದ್ದು 202311. ‘202311ಕ್ಕೆ ಸಮ ಅಥವಾ ಹೆಚ್ಚು’ ಎನ್ನುವ ಬದಲು ‘201710ಕ್ಕಿಂತ ಹೆಚ್ಚು’ ಎಂದಿರುವುದಕ್ಕೆ ಕಾರಣವಿದೆ. -ಎಸ್‌ಟಿಡಿ=ಸಿ2ಎಕ್ಸ್ ಎಂದಿದ್ದ ದಿನಗಳ ಜಿಸಿಸಿ 202000 ಎಂದು ಹೇಳುತ್ತಿತ್ತು, ಅದನ್ನೂ ಒಳಗೊಳ್ಳಬೇಕು. ಕ್ಲ್ಯಾಂಗ್ ಕೂಡ ಗ್ನುಸಿ ಡಿಫೈನ್ ಮಾಡುವುದರಿಂದ ಅದಕ್ಕೆ ಬೇರೆ ಕವಲು ಬೇಡ.

__ಹ್ಯಾಸ್_ಸಿ_ಆಟ್ರಿಬ್ಯೂಟ್ ಬಳಸಿ ಪರೀಕ್ಷಿಸಿ ಎಂದು ಹಲವೆಡೆ ಬರೆದಿರುತ್ತಾರೆ. ಅದರಲ್ಲಿ ಎರಡು ಗುಂಡಿಗಳಿವೆ. ಒಂದು, ಅದನ್ನು ‘ಡಿಫೈನ್ಡ್ … &&’ ಜೊತೆ ಒಂದೇ ಸಾಲಿನಲ್ಲಿ ಬರೆದರೆ ಅದು ಗೊತ್ತಿಲ್ಲದ ಪ್ರಿಪ್ರೊಸೆಸರ್ ಆವರಣ ಕಂಡು ಎರರ್ ಕೊಡುತ್ತದೆ. ಎಡಭಾಗ ಸುಳ್ಳಾದರೂ ಸಾಲನ್ನು ಪೂರ್ತಿ ಪಾರ್ಸ್ ಮಾಡಲೇಬೇಕಲ್ಲ. ಎರಡು #ಇಫ್ ಒಂದರೊಳಗೊಂದು ಇಡಬೇಕು. ಎರಡು, ಹೊಸ ಜಿಸಿಸಿ -ಎಸ್‌ಟಿಡಿ=ಸಿ99ರಲ್ಲೂ ಆ ಆಟ್ರಿಬ್ಯೂಟ್ ‘ಇದೆ’ ಅನ್ನುತ್ತದೆ, ಆಮೇಲೆ ಸ್ಟ್ಯಾಂಡರ್ಡ್ ಮೀರಿದ್ದನ್ನು ದೂರುವ -ಪೆಡಾಂಟಿಕ್ ಇದ್ದರೆ ಜೋಡಿ ಚೌಕ ಆವರಣ ಸಿ23ಕ್ಕಿಂತ ಮೊದಲು ಇಲ್ಲ ಎಂದು ತಾನೇ ವಾರ್ನಿಂಗ್ ಕೊಡುತ್ತದೆ.

ಮ್ಯಾಕ್ರೋ ಇಡುವ ಜಾಗ ಪ್ಯಾರಾಮೀಟರ್‌ನ ಮೊಟ್ಟಮೊದಲು: ‘ಸೆನ್_ಇರಬಹುದು ಸೈಜ್_ಟಿ ಲೆನ್’. ಎರಡೂ ರೂಪಗಳು ಅಲ್ಲಿ ಹೊಂದುತ್ತವೆ. ಎಂಎಸ್‌ವಿಸಿಯಲ್ಲಿ ಸಾಮಾನ್ಯವಾಗಿ ಇದು ಖಾಲಿಯಾಗುತ್ತದೆ, ಸಿ4100 ಹಾಗೇ ಉಳಿಯುತ್ತದೆ. ವಿಂಡೋಸ್ ಹೆಡರ್‌ಗಳ ಅನ್‌ರೆಫರೆನ್ಸ್ಡ್_ಪ್ಯಾರಾಮೀಟರ್ ಮ್ಯಾಕ್ರೋ ಅಲ್ಲಿಗೆ ಮಾತ್ರ ಸರಿ, ಅದಕ್ಕಾಗಿ ಪೋರ್ಟಬಲ್ ಫೈಲ್‌ಗೆ ವಿಂಡೋಸ್ ಹೆಡರ್ ಎಳೆದು ತರಬೇಡಿ. ನಿಮ್ಮ ಪಟ್ಟಿಯಲ್ಲಿ ಎಂಎಸ್‌ವಿಸಿಯೂ ಹಳೆಯ ಆರ್ಮ್ ಕಂಪೈಲರ್ರೂ ಇರುವವರೆಗೆ ವಾಯ್ಡ್ ಕ್ಯಾಸ್ಟ್ ಬಿಟ್ಟು ಗತಿಯಿಲ್ಲ.

ಎರಡನೆಯದು: ಹೌದು, ಸಿ23ರಲ್ಲಿ ಫಂಕ್ಷನ್ ಡೆಫಿನಿಷನ್‌ನಲ್ಲೂ ಹೆಸರು ಬಿಡಬಹುದು. ಅದಕ್ಕೂ ಮೊದಲು ಪ್ರೊಟೊಟೈಪ್‌ನಲ್ಲಿ ಮಾತ್ರ ಬಿಡಬಹುದಿತ್ತು. ಜಿಸಿಸಿ 11, ಕ್ಲ್ಯಾಂಗ್ 11ರಿಂದ ಹಳೆಯ ಮೋಡ್‌ಗಳಲ್ಲೂ ಎಕ್ಸ್‌ಟೆನ್ಷನ್ ಆಗಿ ಒಪ್ಪುತ್ತವೆ, ಅದಕ್ಕಿಂತ ಹಿಂದಿನ ಜಿಸಿಸಿ ‘ಪ್ಯಾರಾಮೀಟರ್ ಹೆಸರು ಬಿಟ್ಟಿದೆ’ ಎಂದು ಎರರ್ ಕೊಟ್ಟು ನಿಲ್ಲುತ್ತದೆ. ಜಿಸಿಸಿ 15ರಲ್ಲಿ ಡೀಫಾಲ್ಟೇ ಗ್ನು23 (ಸಿ23 ಮತ್ತು ಗ್ನು ಎಕ್ಸ್‌ಟೆನ್ಷನ್‌ಗಳು). ಅಂದರೆ ಡೆವಲಪರ್‌ನ ಹೊಸ ಮೆಷಿನ್‌ನಲ್ಲಿ ಒಂದೂ ಮಾತಿಲ್ಲದೆ ಕಂಪೈಲ್ ಆದದ್ದು ಹಳೆಯ ಟೂಲ್‌ಚೈನ್‌ನಲ್ಲಿ ಬೀಳುತ್ತದೆ. ಮೇಕ್‌ಫೈಲ್‌ನಲ್ಲಿ -ಎಸ್‌ಟಿಡಿ=ಸಿ99 -ಪೆಡಾಂಟಿಕ್ ಎಂದು ಬರೆದಿಡಿ, ಆಗ ಅಲ್ಲೇ ಗೊತ್ತಾಗುತ್ತದೆ.

ಸ್ಟ್ಯಾಕ್_ಫ್ರೇಮ್

ಇನ್ನೊಂದು ‘ಉಪಾಯ’ವನ್ನು ಯಾರೂ ಎತ್ತಲಿಲ್ಲ, ಆದರೆ ಕೋಡ್‌ಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಬೇಡದ ಪ್ಯಾರಾಮೀಟರ್‌ಗಳನ್ನು ಕಿತ್ತುಹಾಕಿ ‘ಇಂಟ್ ಆನ್_ರೀಡ್(ಸ್ಟ್ರಕ್ಟ್ ಡೆವ್ *ಡಿ)’ ಎಂದು ಮಾಡಿ, ರಿಜಿಸ್ಟರ್ ಮಾಡುವಾಗ ‘(ರೀಡ್_ಸಿಬಿ)ಆನ್_ರೀಡ್’ ಎಂದು ಕಾಲ್‌ಬ್ಯಾಕ್ ಟೈಪ್‌ಗೆ ಕ್ಯಾಸ್ಟ್ ಮಾಡುವುದು. ಇದನ್ನು ಮಾತ್ರ ಮಾಡಬೇಡಿ.

ಹೊಂದದ ಟೈಪ್‌ನ ಪಾಯಿಂಟರ್ ಮೂಲಕ ಫಂಕ್ಷನ್ ಕರೆಯುವುದು ಸಿಯಲ್ಲಿ ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಏನಾಗುತ್ತದೆಂದು ಸ್ಟ್ಯಾಂಡರ್ಡ್ ಹೇಳುವುದಿಲ್ಲ. 64 ಬಿಟ್ ಲಿನಕ್ಸ್‌ನಲ್ಲಿ ಮೊದಲ ಆರ್ಗ್ಯುಮೆಂಟ್‌ಗಳು ರಿಜಿಸ್ಟರ್‌ನಲ್ಲಿ ಹೋಗುವುದರಿಂದ ಹೆಚ್ಚುವರಿ ಎರಡನ್ನು ಯಾರೂ ನೋಡದೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. 32 ಬಿಟ್ ವಿಂಡೋಸ್‌ನ ಎಸ್‌ಟಿಡಿಕಾಲ್ ಎಂಬ ಫಂಕ್ಷನ್ ಕರೆಯುವ ಪದ್ಧತಿಯಲ್ಲಿ ಸ್ಟ್ಯಾಕ್ ಖಾಲಿ ಮಾಡುವ ಕೆಲಸ ಕರೆಸಿಕೊಂಡ ಫಂಕ್ಷನ್ನಿನದು. ಕರೆದವರು ಮೂರು ಆರ್ಗ್ಯುಮೆಂಟ್, ಅಂದರೆ 12 ಬೈಟ್ ತಳ್ಳಿದ್ದಾರೆ, ಇದು ತೆಗೆಯುವುದು 4 ಬೈಟ್ ಮಾತ್ರ. ಸ್ಟ್ಯಾಕ್ ಪಾಯಿಂಟರ್ 8 ಬೈಟ್ ತಪ್ಪಿದ ಮೇಲೆ ಕ್ರ್ಯಾಶ್ ಎಲ್ಲೋ ಬೇರೆ ಕಡೆ ಆಗುತ್ತದೆ. ವೆಬ್‌ಅಸೆಂಬ್ಲಿಯಲ್ಲಿ ಇನ್‌ಡೈರೆಕ್ಟ್ ಕಾಲ್‌ನ ಸಿಗ್ನೇಚರ್ ಹೊಂದದಿದ್ದರೆ ಅಲ್ಲೇ ಟ್ರ್ಯಾಪ್. ಕ್ಲ್ಯಾಂಗ್‌ನ ಕಂಟ್ರೋಲ್ ಫ್ಲೋ ಇಂಟೆಗ್ರಿಟಿ ಪರೀಕ್ಷೆ ಆನ್ ಇದ್ದರೂ ಹಾಗೆಯೇ.

ಕ್ಯಾಸ್ಟ್ ಇಲ್ಲದೆ ನೇರ ಕೊಟ್ಟರೆ ಜಿಸಿಸಿ 14ರಿಂದ ಅದು ವಾರ್ನಿಂಗ್ ಅಲ್ಲ, ಎರರ್. ಕ್ಯಾಸ್ಟ್ ಹಾಕಿದರೂ ಜಿಸಿಸಿ 8ರಿಂದ -ಡಬ್ಲ್ಯೂಎಕ್ಸ್‌ಟ್ರಾದಲ್ಲಿ -ಡಬ್ಲ್ಯೂಕ್ಯಾಸ್ಟ್-ಫಂಕ್ಷನ್-ಟೈಪ್ ಸೇರಿದೆ. ಖಾಲಿ ಆವರಣದ ‘ಇಂಟ್ ಆನ್_ರೀಡ್()’ ಎಂಬ ಹಳೆಯ ಜಾಣತನವೂ ಮುಗಿಯಿತು. ಸಿ23ರಲ್ಲಿ ಅದರ ಅರ್ಥ ‘(ವಾಯ್ಡ್)’, ಹಾಗಾಗಿ ಜಿಸಿಸಿ 15ರ ಡೀಫಾಲ್ಟ್‌ನಲ್ಲಿ ಅಂಥ ಕೋಡ್ ಎರರ್ ಆಗಿ ಬೀಳುತ್ತದೆ.

ಹಳೆಮನೆ_ಮೇಕ್‌ಫೈಲ್

@ಸ್ಟ್ಯಾಕ್_ಫ್ರೇಮ್ ಹೇಳಿದ್ದು ಅಕ್ಷರಶಃ ನಿಜ.

@ಸೆಮಿಕೋಲನ್ ಅವರ ಹೆಸರು ಬದಲಿಸುವ ವಿಧಾನಕ್ಕೆ ನನ್ನ ತಕರಾರು ಇಷ್ಟೇ: /ಡಬ್ಲ್ಯೂಡಿ4100 ಹಾಕಿದಮೇಲೆ ವಿಂಡೋಸ್‌ಗೆ ಮಾತ್ರ ಇರುವ ಫೈಲ್‌ಗಳಲ್ಲಿ ಆ ಪರೀಕ್ಷೆ ಪೂರ್ತಿ ಹೋಗುತ್ತದೆ, ಜಿಸಿಸಿ ಅವನ್ನು ನೋಡುವುದೇ ಇಲ್ಲ. ಅಂಥ ಫೈಲ್ ಇಲ್ಲದಿದ್ದರೆ ಸರಿ. ಮಿಸ್ರಾ ಸಿ:2012 (ಸುರಕ್ಷಿತ ಸಿ ಕೋಡ್‌ನ ನಿಯಮಾವಳಿ) ಪ್ರಕಾರ ಕೆಲಸ ಮಾಡುವವರಿಗೆ: ನಿಯಮ 2.7 ಬಳಸದ ಪ್ಯಾರಾಮೀಟರ್ ಇರಬಾರದು ಅನ್ನುತ್ತದೆ, ಆದರೆ ಅದು ಸಲಹೆಯ ದರ್ಜೆಯದು. ಡೆಡ್ ಕೋಡ್ ಬಗೆಗಿನ 2.2ರಲ್ಲಿ ವಾಯ್ಡ್ ಕ್ಯಾಸ್ಟ್‌ಗೆ ವಿನಾಯಿತಿ ಇದೆ, ಹಾಗಾಗಿ ಆ ಸಾಲು ಡೆಡ್ ಕೋಡ್ ಎಂದು ರಿವ್ಯೂದಲ್ಲಿ ಯಾರಾದರೂ ಹೇಳಿದರೆ ಅದನ್ನು ತೋರಿಸಿ.

ಫ್ಲೆಕ್ಸ್, ಬೈಸನ್‌ನಂಥ ಕೋಡ್ ಜನರೇಟರ್‌ಗಳು ಬರೆದುಕೊಟ್ಟ ಫೈಲ್‌ಗಳಲ್ಲಿ ಕೈಯಾಡಿಸಬೇಡಿ, ಮುಂದಿನ ಬಿಲ್ಡ್‌ನಲ್ಲಿ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಆ ಒಂದೊಂದು ಫೈಲ್‌ಗೆ ಮಾತ್ರ ಮೇಕ್‌ಫೈಲ್‌ನಲ್ಲಿ -ಡಬ್ಲ್ಯೂನೋ-ಅನ್‌ಯೂಸ್ಡ್-ಪ್ಯಾರಾಮೀಟರ್ ಕೊಡಿ. ಬೇರೆಯವರ ಹೆಡರ್‌ನಲ್ಲಿರುವ ಇನ್‌ಲೈನ್ ಫಂಕ್ಷನ್‌ಗಳಿಂದ ಗಲಾಟೆಯಾದರೆ ಆ ಫೋಲ್ಡರನ್ನು -ಐ ಬದಲು -ಐಸಿಸ್ಟಮ್‌ನಿಂದ ಸೇರಿಸಿ.

ಸೆಮಿಕೋಲನ್

ವಿಂಡೋಸ್ ಫೈಲ್‌ಗಳ ವಿಚಾರ ಒಪ್ಪುತ್ತೇನೆ, ಅವುಗಳಲ್ಲಿ ವಾಯ್ಡ್ ಕ್ಯಾಸ್ಟ್ ಇರಲಿ, /ಡಬ್ಲ್ಯೂಡಿ4100 ಬೇಡ.

ವಾರ್ನಿಂಗ್ ಅಡಗಿಸಲು ಪ್ರಾಗ್ಮಾ (ಕೋಡ್‌ನಲ್ಲೇ ಕಂಪೈಲರ್‌ಗೆ ಕೊಡುವ ಸೂಚನೆ) ಬಳಸುವವರಿಗೆ ಒಂದು ಮಾತು. ‘#ಪ್ರಾಗ್ಮಾ ಜಿಸಿಸಿ ಡಯಾಗ್ನೊಸ್ಟಿಕ್ ಪುಶ್’ ಮತ್ತು ‘ಇಗ್ನೋರ್ಡ್’ ಎರಡನ್ನೂ ಫಂಕ್ಷನ್ನಿನ ಒಳಗೆ ಬರೆದು ‘ಹೋಗುತ್ತಿಲ್ಲ’ ಎನ್ನುವವರು ಬಹಳ. ಈ ವಾರ್ನಿಂಗ್ ಹುಟ್ಟುವ ಜಾಗ ಪ್ಯಾರಾಮೀಟರ್ ಬರೆದಿರುವ ಸಾಲು, ಅಂದರೆ ಆರಂಭದ ಪುಷ್ಪಾವರಣಕ್ಕಿಂತ ಮೇಲೆ. ಪುಶ್ ಮತ್ತು ಇಗ್ನೋರ್ಡ್ ಸಿಗ್ನೇಚರ್‌ಗಿಂತ ಮುಂಚೆ ಬರಬೇಕು, ಪಾಪ್ ಮುಚ್ಚುವ ಪುಷ್ಪಾವರಣದ ನಂತರ.